ಶಿಶ್ನದ ಕ್ಯಾನ್ಸರ್‌ನಲ್ಲಿ ಎಚ್‌ಪಿವಿ ವೈರಸ್ಸಿನ ಪಾಲೆಷ್ಟು?

ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಗರ್ಭಕಂಠದ ಕ್ಯಾನ್ಸರ್ ಮತ್ತು ಹೆಣ್ಣುಮಕ್ಕಳಿಗೆ ಹಾಕಿಸುವ ಲಸಿಕೆ. ಅದೇ ವೈರಸ್ ಗಂಡಸರ ಮೈಯಲ್ಲೂ ಇರುತ್ತದೆ. ಅವರಿಗೂ ಕ್ಯಾನ್ಸರ್ ತರಬಲ್ಲದು. ಈ ವಿಷಯ ಮನೆಗಳಲ್ಲಿ ಮಾತಿಗೇ ಬರುವುದಿಲ್ಲ.

ಹಾಗಂತ ಶಿಶ್ನದ ಕ್ಯಾನ್ಸರ್ ನಮಗೆ ದೂರದ ಕಾಯಿಲೆಯಲ್ಲ. 2020ರಲ್ಲಿ ಪ್ರಪಂಚದಾದ್ಯಂತ ಸುಮಾರು 36,000 ಗಂಡಸರಿಗೆ ಇದು ಹೊಸದಾಗಿ ಬಂತು ಎಂಬುದು ಜಾಗತಿಕ ಅಂದಾಜು. ಅವರಲ್ಲಿ 10,000ಕ್ಕೂ ಜಾಸ್ತಿ ಮಂದಿ ಭಾರತದವರು. ಬೇರೆ ಯಾವ ದೇಶದಲ್ಲೂ ಇಷ್ಟು ರೋಗಿಗಳಿಲ್ಲ. ನಮ್ಮದು ಜನ ಜಾಸ್ತಿ ಇರುವ ದೇಶ, ಅದಕ್ಕೇ ಹೀಗೆ ಎನ್ನಬಹುದು. ಆದರೆ ಪ್ರಪಂಚದ ಜನರಲ್ಲಿ ನಾವು ಆರರಲ್ಲಿ ಒಬ್ಬರಷ್ಟೇ. ಈ ಕಾಯಿಲೆಯವರಲ್ಲಿ ಮಾತ್ರ ಹತ್ತರಲ್ಲಿ ಮೂವರು ನಮ್ಮವರು. ಜನಸಂಖ್ಯೆ ಒಂದರಿಂದಲೇ ಈ ಲೆಕ್ಕ ಸರಿಹೋಗುವುದಿಲ್ಲ.

ಇದರಲ್ಲಿ ಎಚ್‌ಪಿವಿಯ ಪಾಲು ಮೂರನೇ ಒಂದರಿಂದ ಅರ್ಧದವರೆಗೆ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಹೆಚ್ಚುಕಡಿಮೆ ಪ್ರತಿಯೊಂದರ ಹಿಂದೆಯೂ ಈ ವೈರಸ್ ಇರುತ್ತದೆ. ಶಿಶ್ನದಲ್ಲಿ ಹಾಗಲ್ಲ. ಇಲ್ಲಿ ಕ್ಯಾನ್ಸರ್ ಎರಡು ಬೇರೆ ಬೇರೆ ದಾರಿಯಲ್ಲಿ ಬರುತ್ತದೆ. ಒಂದು, ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ಸಿನ ದಾರಿ. ಇನ್ನೊಂದಕ್ಕೆ ವೈರಸ್ ಬೇಕಾಗಿಯೇ ಇಲ್ಲ. ಇದು ಗೊತ್ತಿಲ್ಲದೆ ಕೆಲವರು "ನಾನು ಅಂಥವನಲ್ಲ, ನನಗೆ ಈ ಕಾಯಿಲೆ ಬರಲ್ಲ" ಎಂದುಕೊಳ್ಳುತ್ತಾರೆ. ಕಾಯಿಲೆ ಬಂದವರನ್ನು ಇನ್ನು ಕೆಲವರು ಅನುಮಾನದಿಂದ ನೋಡುತ್ತಾರೆ. ಎರಡೂ ತಪ್ಪು.

ವೈರಸ್ ಎಷ್ಟು ಸಾಮಾನ್ಯ ಅಂದರೆ

ಎಚ್‌ಪಿವಿ ಒಂದೇ ವೈರಸ್ ಅಲ್ಲ. ಅದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ, ಒಂದೊಂದಕ್ಕೂ ಒಂದು ಸಂಖ್ಯೆ. ಕೆಲವು ಕೈಕಾಲಿನ ಮೇಲೆ ನರಹುಲಿ ಎಬ್ಬಿಸುತ್ತವೆ. 6 ಮತ್ತು 11ನೇ ಬಗೆಗಳು ಜನನಾಂಗದ ಮೇಲೆ ನರಹುಲಿ ತರುತ್ತವೆ. ನೋಡಲು ಗಾಬರಿಯಾಗುತ್ತದೆ, ಆದರೆ ಅವು ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಕ್ಯಾನ್ಸರ್ ತರುವುದು ಪಕ್ಕಾ ಎಂದು ಗೊತ್ತಾಗಿರುವವು ಒಂದು ಡಜನ್ನಿನಷ್ಟು ಬಗೆಗಳು. ಅವುಗಳಲ್ಲಿ ಮುಖ್ಯವಾದದ್ದು 16. ವೈರಸ್ ಸಿಕ್ಕಿದ ಶಿಶ್ನದ ಗಡ್ಡೆಗಳಲ್ಲಿ ಮೂರರಲ್ಲಿ ಎರಡು ಪಾಲು ಈ 16ನೆಯದೇ.

ಇದು ಚರ್ಮಕ್ಕೆ ಚರ್ಮ ತಾಗಿದರೆ ಹರಡುವ ವೈರಸ್. ಪೂರ್ತಿ ಸಂಭೋಗವೇ ಆಗಬೇಕೆಂದಿಲ್ಲ. ಹಾಗಾಗಿಯೇ ಇದು ಇಷ್ಟೊಂದು ವ್ಯಾಪಕ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ 2023ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 15 ವರ್ಷ ದಾಟಿದ ಗಂಡಸರಲ್ಲಿ ನೂರಕ್ಕೆ 31 ಮಂದಿಯ ಜನನಾಂಗದಲ್ಲಿ ಯಾವುದೋ ಒಂದು ಬಗೆಯ ಎಚ್‌ಪಿವಿ ಇತ್ತು. ನೂರಕ್ಕೆ 21 ಮಂದಿಯಲ್ಲಿ ಇದ್ದದ್ದು ಕ್ಯಾನ್ಸರ್ ತರಬಲ್ಲ ಬಗೆ. ಅವರಲ್ಲಿ ಹೆಚ್ಚಿನವರಿಗೆ ನೋವಿಲ್ಲ, ತುರಿಕೆಯಿಲ್ಲ, ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ.

ಹಾಗಿದ್ದರೆ ಐವರಲ್ಲಿ ಒಬ್ಬ ಗಂಡಸಿಗೆ ಕ್ಯಾನ್ಸರ್ ಬರಬೇಕಿತ್ತು, ಅಲ್ವಾ? ಬರುವುದಿಲ್ಲ. ಬಹುಪಾಲು ಜನರ ಮೈ ತಾನೇ ಈ ವೈರಸ್ಸನ್ನು ಹೊರಗೆ ಹಾಕುತ್ತದೆ. ಬ್ರೆಜಿಲ್, ಮೆಕ್ಸಿಕೊ ಮತ್ತು ಅಮೆರಿಕದ ಗಂಡಸರನ್ನು ಹಲವು ವರ್ಷ ಬೆನ್ನುಹತ್ತಿ ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿ ಅರ್ಧದಷ್ಟು ಸೋಂಕುಗಳು ಏಳೆಂಟು ತಿಂಗಳೊಳಗೆ ಹೋಗಿದ್ದವು. 16ನೇ ಬಗೆ ಸ್ವಲ್ಪ ಹಟಮಾರಿ, ಅದಕ್ಕೆ ಒಂದು ವರ್ಷದಷ್ಟು ಬೇಕಾಯಿತು. ವೈರಸ್ ಬಂತು ಎಂಬುದರಿಂದಲೇ ಅಪಾಯ ಬರುವುದಿಲ್ಲ. ಅದು ಹೋಗದೆ ವರ್ಷಗಟ್ಟಲೆ ಅಲ್ಲೇ ಉಳಿದುಬಿಟ್ಟರೆ ಅಪಾಯ.

ಇನ್ನೊಂದು ಕಾರಣ ಅಂಗದ ರಚನೆಯಲ್ಲೇ ಇದೆ. ಗರ್ಭಕಂಠದಲ್ಲಿ ಎರಡು ಬಗೆಯ ಜೀವಕೋಶಗಳು ಒಂದಕ್ಕೊಂದು ಸೇರುವ ಒಂದು ಗೆರೆಯಂಥ ಜಾಗವಿದೆ. ಅಲ್ಲಿನ ಕೋಶಗಳು ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಇರುತ್ತವೆ. ಎಚ್‌ಪಿವಿಗೆ ಅವು ಸುಲಭದ ತುತ್ತು. ಶಿಶ್ನದ ಹೊರಚರ್ಮದಲ್ಲಿ ಅಂಥ ಜಾಗವಿಲ್ಲ. ಅದೇ ವೈರಸ್ ಗಂಡಹೆಂಡತಿ ಇಬ್ಬರಲ್ಲೂ ಇದ್ದರೂ ಹೆಂಗಸರಲ್ಲಿ ಕ್ಯಾನ್ಸರ್ ಅಷ್ಟು ಜಾಸ್ತಿ, ಗಂಡಸರಲ್ಲಿ ಅಷ್ಟು ಕಡಿಮೆ ಯಾಕೆ ಎಂಬುದಕ್ಕೆ ಇದು ದೊಡ್ಡ ಉತ್ತರ.

ಕೋಶದೊಳಗೆ ನಡೆಯುವುದೇನು

ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತರಚಿದ ಗಾಯವಿದ್ದರೂ ಸಾಕು, ವೈರಸ್ ಅದರ ಮೂಲಕ ಚರ್ಮದ ತೀರಾ ತಳದ ಪದರಕ್ಕೆ ಇಳಿಯುತ್ತದೆ. ಹೊಸ ಕೋಶಗಳು ಹುಟ್ಟುವುದು ಅಲ್ಲೇ. ಹುಟ್ಟಿದ ಕೋಶಗಳು ಮೇಲಕ್ಕೆ ಸರಿಯುತ್ತಾ ವಿಭಜನೆ ನಿಲ್ಲಿಸುತ್ತವೆ, ಕೊನೆಗೆ ಉದುರಿಹೋಗುತ್ತವೆ. ವೈರಸ್ಸಿಗೆ ಇದು ತೊಂದರೆ. ಅದಕ್ಕೆ ತನ್ನ ನಕಲು ಮಾಡಿಕೊಳ್ಳುವ ಸಲಕರಣೆ ಸ್ವಂತದ್ದಿಲ್ಲ. ವಿಭಜನೆಯಾಗುತ್ತಿರುವ ಕೋಶದ ಸಲಕರಣೆಯನ್ನೇ ಬಳಸಬೇಕು.

ಅದಕ್ಕಾಗಿ ವೈರಸ್ ಎರಡು ಪ್ರೋಟೀನ್ ತಯಾರಿಸುತ್ತದೆ. ಅವುಗಳ ಹೆಸರು ಇ6 ಮತ್ತು ಇ7. ನಮ್ಮ ಕೋಶಗಳಲ್ಲಿ ಆರ್‌ಬಿ ಎಂಬ ಪ್ರೋಟೀನ್ ಇದೆ, ಬೇಡದ ಹೊತ್ತಿನಲ್ಲಿ ಕೋಶ ವಿಭಜನೆಯಾಗದಂತೆ ತಡೆಯುವುದು ಅದರ ಕೆಲಸ. ಇ7 ಹೋಗಿ ಅದನ್ನು ಹಿಡಿದು ಸುಮ್ಮನಾಗಿಸುತ್ತದೆ. ಕೋಶ ಮತ್ತೆ ವಿಭಜನೆಗೆ ತೊಡಗುತ್ತದೆ. ಹೀಗೆ ಅಡ್ಡಾದಿಡ್ಡಿಯಾಗಿ ವಿಭಜನೆ ಶುರುವಾದರೆ ಪಿ53 ಎಂಬ ಇನ್ನೊಂದು ಪ್ರೋಟೀನ್ ಎಚ್ಚರಗೊಳ್ಳಬೇಕು. ಅದು ಕೆಟ್ಟ ಕೋಶವನ್ನು ರಿಪೇರಿಗೆ ನಿಲ್ಲಿಸುತ್ತದೆ, ಆಗದಿದ್ದರೆ ಸಾಯಿಸುತ್ತದೆ. ಇ6 ಆ ಪಿ53ಯನ್ನೇ ನಾಶ ಮಾಡಿಸುತ್ತದೆ. ಮನೆಗೆ ಬೀಗವೂ ಇಲ್ಲ, ನಾಯಿಯೂ ಇಲ್ಲ ಎಂಬ ಸ್ಥಿತಿ.

ಮಾಮೂಲಿ ಸೋಂಕಿನಲ್ಲಿ ಇದೂ ಒಂದು ಮಿತಿಯಲ್ಲೇ ಇರುತ್ತದೆ. ವೈರಸ್ಸಿನದೇ ಇ2 ಎಂಬ ಪ್ರೋಟೀನ್ ಇ6, ಇ7ಗಳನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಆದರೆ ಸೋಂಕು ತುಂಬಾ ಕಾಲ ಉಳಿದಾಗ ಕೆಲವೊಮ್ಮೆ ವೈರಸ್ಸಿನ ಡಿಎನ್‌ಎ ತುಂಡಾಗಿ ನಮ್ಮ ಕೋಶದ ಡಿಎನ್‌ಎಗೇ ಸೇರಿಕೊಳ್ಳುತ್ತದೆ. ಹಾಗೆ ತುಂಡಾಗುವಾಗ ಹಾಳಾಗುವುದು ಹೆಚ್ಚಾಗಿ ಇ2 ತಯಾರಿಸುವ ಭಾಗ. ಆಮೇಲೆ ಇ6, ಇ7ಗೆ ತಡೆಯೇ ಇಲ್ಲ. ಕೋಶದಲ್ಲಿ ತಪ್ಪಿನ ಮೇಲೆ ತಪ್ಪು ಸೇರುತ್ತಾ ಹೋಗುತ್ತದೆ. ಮೊದಲು ಚರ್ಮದ ಮೇಲ್ಪದರದಲ್ಲಷ್ಟೇ ಇರುವ, ಕ್ಯಾನ್ಸರ್‌ಗೆ ಮುಂಚಿನ ಕಲೆಗಳು ಏಳುತ್ತವೆ. ಅವು ಆಳಕ್ಕೆ ಇಳಿದರೆ ಕ್ಯಾನ್ಸರ್. ಇದಕ್ಕೆಲ್ಲ ವರ್ಷಗಳು, ಎಷ್ಟೋ ಸಲ ದಶಕಗಳೇ ಬೇಕು. ವೈರಸ್ಸಿಗೆ ಇದರಿಂದ ಲಾಭವೇನೂ ಇಲ್ಲ. ಕ್ಯಾನ್ಸರ್ ಕೋಶದೊಳಗೆ ಸಿಕ್ಕಿಕೊಂಡ ವೈರಸ್ ಇನ್ನೊಬ್ಬರಿಗೆ ಹರಡುವ ಹೊಸ ವೈರಸ್ಸುಗಳನ್ನು ಮಾಡುವುದನ್ನೇ ಬಹುಮಟ್ಟಿಗೆ ನಿಲ್ಲಿಸಿರುತ್ತದೆ.

ಈ ನಂಟಿನ ಸುಳಿವು ಸಿಕ್ಕಿದ್ದು ಇತ್ತೀಚೆಗೆ ಏನಲ್ಲ. ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸನ್ ಅವರ ತಂಡ 1983ರಲ್ಲಿ ಗರ್ಭಕಂಠದ ಕ್ಯಾನ್ಸರ್‌ನಲ್ಲಿ 16ನೇ ಬಗೆಯನ್ನು ಕಂಡುಹಿಡಿಯಿತು. ಅದೇ ಅಧ್ಯಯನದಲ್ಲಿ ಅವರು ನಾಲ್ಕು ಶಿಶ್ನದ ಗಡ್ಡೆಗಳನ್ನೂ ಪರೀಕ್ಷಿಸಿದ್ದರು. ಒಂದರಲ್ಲಿ ವೈರಸ್ ಸಿಕ್ಕಿತ್ತು. 2008ರಲ್ಲಿ ಅವರಿಗೆ ನೊಬೆಲ್ ಬಂದಾಗ ಮಾತೆಲ್ಲ ಗರ್ಭಕಂಠದ ಬಗ್ಗೆಯೇ ನಡೆಯಿತು. ಅದು ಸಹಜ, ಆ ಕಾಯಿಲೆಯ ಹೊರೆ ಅಷ್ಟು ದೊಡ್ಡದು. ಆದರೂ ಗಂಡಸರ ಸುದ್ದಿ ಅಂದಿನಿಂದಲೇ ಆ ಪುಟಗಳಲ್ಲಿ ಇತ್ತು.

ಅರ್ಧವೋ, ಮೂರನೇ ಒಂದೋ?

ಅಧ್ಯಯನಗಳು ಬೇರೆ ಬೇರೆ ಸಂಖ್ಯೆ ಹೇಳುತ್ತವೆ. 25 ದೇಶಗಳ ಸಾವಿರಕ್ಕೂ ಹೆಚ್ಚು ಗಡ್ಡೆಗಳನ್ನು ಒಂದೇ ವಿಧಾನದಲ್ಲಿ ಪರೀಕ್ಷಿಸಿದ 2016ರ ಅಧ್ಯಯನದಲ್ಲಿ ವೈರಸ್ ಸಿಕ್ಕಿದ್ದು ಮೂರರಲ್ಲಿ ಒಂದರಲ್ಲಿ. ಅಲ್ಲಿಯವರೆಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ 2019ರ ಲೆಕ್ಕದಲ್ಲಿ ಅರ್ಧದಷ್ಟರಲ್ಲಿ. ಪರೀಕ್ಷೆಯ ವಿಧಾನ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಯಾವ ಜಾತಿಯ ಗಡ್ಡೆಗಳು ಜಾಸ್ತಿ ಸಿಕ್ಕವು ಎಂಬುದರ ಮೇಲೂ ನಿಂತಿದೆ. ಕ್ಯಾನ್ಸರ್‌ಗೆ ಮುಂಚಿನ ಕಲೆಗಳಲ್ಲಂತೂ ಹತ್ತರಲ್ಲಿ ಎಂಟರಷ್ಟರಲ್ಲಿ ವೈರಸ್ ಇತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಗಡ್ಡೆಯಲ್ಲಿ ವೈರಸ್ ಸಿಕ್ಕಿತು ಎಂದ ಮಾತ್ರಕ್ಕೆ ಗಡ್ಡೆ ಅದರಿಂದಲೇ ಬಂತು ಎನ್ನಲಾಗದು. ಐವರಲ್ಲಿ ಒಬ್ಬನಲ್ಲಿ ಇರುವ ವೈರಸ್ ಸುಮ್ನೆ ಅಲ್ಲಿ ಇದ್ದಿರಲೂಬಹುದು. ಅದಕ್ಕೇ ಬಯಾಪ್ಸಿ (ಗಡ್ಡೆಯಿಂದ ತೆಗೆದ ಸಣ್ಣ ಚೂರು) ನೋಡುವ ಡಾಕ್ಟರು ಪಿ16 ಎಂಬ ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಪಿ16 ನಮ್ಮದೇ ಕೋಶದ ಪ್ರೋಟೀನ್, ವಿಭಜನೆಯನ್ನು ನಿಧಾನ ಮಾಡುವಂಥದ್ದು. ಇ7 ಆರ್‌ಬಿಯನ್ನು ಸುಮ್ಮನಾಗಿಸಿದಾಗ, ಕೋಶ ಗಾಬರಿಬಿದ್ದಂತೆ ಪಿ16 ಅನ್ನು ರಾಶಿರಾಶಿ ತಯಾರಿಸುತ್ತದೆ. ಅದರಿಂದ ವಿಭಜನೆ ನಿಲ್ಲುವುದಿಲ್ಲ. ಆದರೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಡ್ಡೆಯ ಕೋಶಗಳೆಲ್ಲ ಒಟ್ಟಾಗಿ ಗಾಢವಾಗಿ ಕಾಣುತ್ತವೆ. ಅಂದರೆ ವೈರಸ್ ಅಲ್ಲಿ ಸುಮ್ಮನಿಲ್ಲ, ಕೆಲಸ ಮಾಡುತ್ತಿದೆ ಎಂಬ ಗುರುತು. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಶಿಶ್ನದ ಕ್ಯಾನ್ಸರ್‌ಗಳನ್ನು ಎಚ್‌ಪಿವಿಗೆ ಸಂಬಂಧಿಸಿದವು, ಸಂಬಂಧಿಸದವು ಎಂದು ಎರಡಾಗಿಯೇ ವಿಂಗಡಿಸುತ್ತದೆ.

ರೋಗಿಗೆ ಇದರಿಂದ ಏನು ಪ್ರಯೋಜನ? ಚಿಕಿತ್ಸೆ ಸದ್ಯಕ್ಕೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಆದರೆ ನೆದರ್‌ಲೆಂಡ್ಸ್‌ನ 171 ರೋಗಿಗಳನ್ನು ಗಮನಿಸಿದ 2006ರ ಅಧ್ಯಯನವೊಂದರಲ್ಲಿ, ವೈರಸ್ ಇದ್ದ ಗಡ್ಡೆಯವರಲ್ಲಿ ನೂರಕ್ಕೆ 92 ಮಂದಿ ಐದು ವರ್ಷದ ನಂತರವೂ ಈ ಕಾಯಿಲೆಗೆ ಬಲಿಯಾಗಿರಲಿಲ್ಲ. ವೈರಸ್ ಇಲ್ಲದವರಲ್ಲಿ ಅದು 78. ವೈರಸ್ಸಿನಿಂದ ಬಂದ ಕ್ಯಾನ್ಸರ್ ಅಂದರೆ ಜಾಸ್ತಿ ಕೆಟ್ಟದ್ದು ಎಂದು ಹೆದರುವವರು ಇದನ್ನು ತಿಳಿದಿರಬೇಕು.

ವೈರಸ್ ಇಲ್ಲದ ದಾರಿ

ಎರಡನೆಯ ದಾರಿಯಲ್ಲಿ ಮೂಲ ಕಾರಣ ವರ್ಷಗಟ್ಟಲೆ ಆರದೆ ಉಳಿದ ಉರಿಯೂತ. ಮುಂದೊಗಲು ಬಿಗಿಯಾಗಿ ಹಿಂದಕ್ಕೆ ಸರಿಯದಿದ್ದರೆ ಒಳಗೆ ತೊಳೆಯಲು ಆಗುವುದಿಲ್ಲ. ಕೊಳೆ ಕಟ್ಟುತ್ತದೆ, ಸೋಂಕಾಗುತ್ತದೆ, ಚರ್ಮ ಕೆರಳುತ್ತಲೇ ಇರುತ್ತದೆ. ಕೆಲವರಿಗೆ ತುದಿಯ ಚರ್ಮ ಬೆಳ್ಳಗೆ, ಗಟ್ಟಿಯಾಗಿ, ಬಿರುಕು ಬಿಡುತ್ತದೆ. ಲೈಕನ್ ಸ್ಕ್ಲೀರೋಸಸ್ ಎಂಬ ಈ ಚರ್ಮರೋಗವೂ ಇದೇ ದಾರಿಗೆ ಎಳೆಯುತ್ತದೆ. ಇಲ್ಲೂ ಪಿ53 ಕೆಡುತ್ತದೆ, ಆದರೆ ವೈರಸ್ಸಿನಿಂದಲ್ಲ. ಅದರ ವಂಶವಾಹಿಯಲ್ಲೇ ತಪ್ಪಾಗಿರುತ್ತದೆ.

ತಂಬಾಕು ಎರಡೂ ದಾರಿಗೆ ತಳ್ಳುತ್ತದೆ. ಸಿಗರೇಟು, ಬೀಡಿ ಮಾತ್ರವಲ್ಲ, ಅಗಿಯುವ ತಂಬಾಕು ಮತ್ತು ನಶ್ಯಕ್ಕೂ ಈ ಕ್ಯಾನ್ಸರ್‌ಗೂ ನಂಟಿದೆ ಎಂದು 1995ರಲ್ಲೇ ಪ್ರಕಟವಾದ ಭಾರತೀಯ ಅಧ್ಯಯನವೊಂದು ತೋರಿಸಿತ್ತು. ಬಾಯಿಗೆ ಹಾಕಿದ್ದು ಅಷ್ಟು ದೂರದ ಅಂಗಕ್ಕೆ ಏನು ಮಾಡೀತು ಎಂದು ಕೇಳಬೇಡಿ. ಅದರ ವಿಷ ರಕ್ತದಲ್ಲಿ ಮೈಯೆಲ್ಲ ಸುತ್ತುತ್ತದೆ. ಎಚ್‌ಐವಿ ಇರುವವರಿಗೂ ಅಪಾಯ ಹೆಚ್ಚು, ಯಾಕೆಂದರೆ ಅವರ ಮೈಗೆ ಎಚ್‌ಪಿವಿಯನ್ನು ಓಡಿಸುವ ಶಕ್ತಿ ಕಡಿಮೆ.

ಎರಡು ದಾರಿಗಳ ನಡುವೆ ಗೋಡೆಯೇನೂ ಇಲ್ಲ. ಬಿಗಿ ಮುಂದೊಗಲಿನ ಒಳಗೆ ವೈರಸ್ ಕೂಡ ಹೆಚ್ಚು ಕಾಲ ಉಳಿಯುತ್ತದೆ.

ಗಂಡಹೆಂಡತಿ ನಡುವಿನ ಪ್ರಶ್ನೆ

ಬಯಾಪ್ಸಿ ವರದಿಯಲ್ಲಿ ಎಚ್‌ಪಿವಿ ಎಂದು ಬಂದ ದಿನ ಮನೆಯಲ್ಲಿ ಕ್ಯಾನ್ಸರ್‌ಗಿಂತ ದೊಡ್ಡ ಬಿರುಗಾಳಿ ಏಳಬಹುದು. ಇದು ಯಾರಿಂದ ಬಂತು? ಯಾವಾಗ ಬಂತು? ದಯವಿಟ್ಟು ಒಂದು ಮಾತು ಕೇಳಿ. ಈ ಪ್ರಶ್ನೆಗೆ ವರದಿಯಿಂದ ಉತ್ತರ ಸಿಗುವುದಿಲ್ಲ. ವೈರಸ್ ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ, ಮದುವೆಗೂ ಮುಂಚೆ ಬಂದಿರಬಹುದು. ಜೀವನದಲ್ಲಿ ಒಬ್ಬರೊಂದಿಗೆ ಮಾತ್ರ ಬಾಳಿದವರಿಗೂ ಬರಬಹುದು. ಅದು ನಡತೆಯ ಪ್ರಮಾಣಪತ್ರವಲ್ಲ.

ಹೆಂಡತಿ ನಿಜವಾಗಿ ಮಾಡಬೇಕಾದದ್ದು ಬೇರೆಯದೇ ಇದೆ. ಶಿಶ್ನದ ಕ್ಯಾನ್ಸರ್‌ನಿಂದ ತೀರಿಕೊಂಡವರ ಹೆಂಡತಿಯರ ಬಗ್ಗೆ ಇಂಗ್ಲೆಂಡಿನಲ್ಲಿ 1980ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವರಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವುಗಳು ನಿರೀಕ್ಷೆಗಿಂತ ಹೆಚ್ಚಾಗಿದ್ದವು. ಆಗ ವೈರಸ್ ಯಾವುದೆಂದು ಗೊತ್ತಿರಲಿಲ್ಲ. ಈಗ ಗೊತ್ತು. ಹಾಗಾಗಿ ಗಂಡನಿಗೆ ಎಚ್‌ಪಿವಿ ಸಂಬಂಧಿ ಕ್ಯಾನ್ಸರ್ ಬಂದಿದ್ದರೆ ಹೆಂಡತಿ ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಲೇಬೇಕು. 30 ದಾಟಿದ ಹೆಂಗಸರಿಗೆ ಈ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೂ ಇದೆ. ಗಂಡಸರಿಗೆ ಹೀಗೆ ಮುಂಚಿತವಾಗಿ ಮಾಡುವ ಎಚ್‌ಪಿವಿ ತಪಾಸಣೆ ಇಲ್ಲ. ಯಾವುದಾದರೂ ಲ್ಯಾಬ್ ದುಡ್ಡು ತೆಗೆದುಕೊಂಡು ಮಾಡಿಕೊಟ್ಟರೂ, ತಾನೇ ಹೋಗಿಬಿಡಬಹುದಾದ ವೈರಸ್ ಬಗ್ಗೆ ಚಿಂತೆ ಹಚ್ಚಿಕೊಂಡಂತೆ ಅಷ್ಟೇ.

ತಡೆಯುವುದು ಹೇಗೆ

ದಿನಾ ಸ್ನಾನ ಮಾಡುವಾಗ ಮುಂದೊಗಲನ್ನು ಹಿಂದಕ್ಕೆ ಸರಿಸಿ ನೀರಿನಲ್ಲಿ ತೊಳೆಯುವುದು, ದೊಡ್ಡವರಾದ ಮೇಲೂ ಅದು ಸರಿಯದಿದ್ದರೆ ಡಾಕ್ಟರಿಗೆ ತೋರಿಸುವುದು, ತಂಬಾಕು ಬಿಡುವುದು. ಇವು ಎರಡನೆಯ ದಾರಿಯನ್ನು ಮುಚ್ಚುತ್ತವೆ. ಚಿಕ್ಕ ಹುಡುಗರಲ್ಲಿ ಮುಂದೊಗಲು ಸರಿಯದಿರುವುದು ಸಹಜ, ಅದನ್ನು ಬಲವಂತವಾಗಿ ಎಳೆಯಬಾರದು. ಚಿಕ್ಕಂದಿನಲ್ಲೇ ಸುನ್ನತಿ ಆದವರಲ್ಲಿ ಈ ಕ್ಯಾನ್ಸರ್ ತುಂಬಾ ಕಡಿಮೆ. ದೊಡ್ಡವರಾದ ಮೇಲೆ ಮಾಡಿಸಿಕೊಂಡರೂ ಎಚ್‌ಪಿವಿ ಸೋಂಕು ಇಳಿಯುತ್ತದೆ ಎಂದು ಉಗಾಂಡ ಮತ್ತು ದಕ್ಷಿಣ ಆಫ್ರಿಕಾದ ಪ್ರಯೋಗಗಳು ತೋರಿಸಿವೆ, ಆದರೆ ಕ್ಯಾನ್ಸರ್‌ನಿಂದ ಸಿಗುವ ರಕ್ಷಣೆ ಚಿಕ್ಕಂದಿನಷ್ಟಿಲ್ಲ. ಕಾಂಡೋಮ್ ಸ್ವಲ್ಪಮಟ್ಟಿಗೆ ಕಾಪಾಡುತ್ತದೆ. ಅದು ಮುಚ್ಚದ ಚರ್ಮದಿಂದಲೂ ವೈರಸ್ ಹರಡುತ್ತದೆ.

ವೈರಸ್ಸಿನ ದಾರಿಗೆ ಅಡ್ಡ ನಿಲ್ಲುವುದು ಲಸಿಕೆ. 16ರಿಂದ 26 ವರ್ಷದ 4,065 ಗಂಡುಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2011ರಲ್ಲಿ ಬಂತು. ಲಸಿಕೆಯಲ್ಲಿರುವ ಬಗೆಗಳ ಸೋಂಕು ಮೊದಲೇ ಆಗಿರದಿದ್ದವರಲ್ಲಿ, ಅದೇ ಬಗೆಗಳಿಂದ ಜನನಾಂಗದ ಹೊರಮೈಯಲ್ಲಿ ಬರುವ ನರಹುಲಿ ಮತ್ತಿತರ ಗಾಯಗಳನ್ನು ಅದು ನೂರಕ್ಕೆ 90ರಷ್ಟು ತಡೆದಿತ್ತು. ಕ್ಯಾನ್ಸರ್ ತಡೆದದ್ದನ್ನು ಆ ಪ್ರಯೋಗದಲ್ಲಿ ನೇರವಾಗಿ ನೋಡಲು ಸಾಧ್ಯವಿರಲಿಲ್ಲ. ಇಷ್ಟು ಅಪರೂಪದ, ಇಷ್ಟು ನಿಧಾನದ ಕಾಯಿಲೆಗೆ ಹತ್ತಾರು ವರ್ಷ ಕಾಯಬೇಕು. ಆದರೆ ಸೋಂಕೇ ಇಲ್ಲದಿದ್ದರೆ ಆ ದಾರಿಯ ಕ್ಯಾನ್ಸರ್ ಬರುವುದಿಲ್ಲ.

ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 2023ರ ಜನವರಿಯಲ್ಲಿ ಬಿಡುಗಡೆ ಮಾಡಿದ ಸರ್ವಾವ್ಯಾಕ್ 6, 11, 16 ಮತ್ತು 18ನೇ ಬಗೆಗಳ ವಿರುದ್ಧ ಕೆಲಸ ಮಾಡುತ್ತದೆ. ಅದನ್ನು 9ರಿಂದ 26 ವರ್ಷದ ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ ಕೊಡಬಹುದು. 14 ವರ್ಷದವರೆಗೆ ಎರಡು ಡೋಸ್, ಆಮೇಲಾದರೆ ಮೂರು. ಈಗಾಗಲೇ ಇರುವ ಸೋಂಕನ್ನು ಲಸಿಕೆ ವಾಸಿ ಮಾಡುವುದಿಲ್ಲ, ಹಾಗಾಗಿ ಚಿಕ್ಕ ವಯಸ್ಸಿನಲ್ಲೇ ಹಾಕಿಸುವುದು ಮುಖ್ಯ.

ಹುಡುಗರಿಗೂ ಬೇಕಾ ಎಂದು ಕೇಳುವವರಿದ್ದಾರೆ. ಭಾರತದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬರುತ್ತದೆ. ದುಡ್ಡು ಒಬ್ಬರಿಗೆ ಮಾತ್ರ ಸಾಲುವಂತಿದ್ದರೆ ಮಗಳಿಗೆ ಮೊದಲು ಹಾಕಿಸಿ, ಅದರಲ್ಲಿ ಎರಡು ಮಾತಿಲ್ಲ. ಹುಡುಗಿಯರ ಲಸಿಕೆಯಿಂದ ಹುಡುಗರಿಗೂ ಅನುಕೂಲವಿದೆ. ಆಸ್ಟ್ರೇಲಿಯಾದಲ್ಲಿ 2007ರಲ್ಲಿ ಹುಡುಗಿಯರಿಗೆ ಲಸಿಕೆ ಶುರುವಾದ ಕೆಲವೇ ವರ್ಷಗಳಲ್ಲಿ ಹುಡುಗರ ನರಹುಲಿಯೂ ಬಹಳ ಇಳಿಯಿತು. ಆದರೂ ಅವರು 2013ರಿಂದ ಹುಡುಗರಿಗೂ ಲಸಿಕೆ ಶುರು ಮಾಡಿದರು. ಬ್ರಿಟನ್ 2019ರಲ್ಲಿ ಮಾಡಿತು. ಕೈಯಲ್ಲಿ ಸಾಧ್ಯವಿರುವವರು ಮಗನಿಗೂ ಹಾಕಿಸಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ತಡ ಮಾಡಿದರೆ

ಈ ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವುದು ಶಿಶ್ನದ ತುದಿಯಲ್ಲಿ ಅಥವಾ ಮುಂದೊಗಲಿನ ಒಳಭಾಗದಲ್ಲಿ. ವಾಸಿಯಾಗದ ಹುಣ್ಣು, ಗಂಟು, ಮಖಮಲ್ಲಿನಂಥ ಕೆಂಪು ಕಲೆ, ವಾಸನೆಯ ಸ್ರಾವ, ರಕ್ತ, ಮೊದಲು ಸರಿಯುತ್ತಿದ್ದ ಮುಂದೊಗಲು ಈಗ ಸರಿಯದಿರುವುದು. ಇವೆಲ್ಲ ಕಣ್ಣಿಗೆ ಕಾಣುವ ಗುರುತುಗಳು. ಎಷ್ಟೋ ಕ್ಯಾನ್ಸರ್‌ಗಳು ಒಳಗೇ ಅಡಗಿರುತ್ತವೆ. ಇದು ಎದುರಿಗೇ ಇರುತ್ತದೆ. ಆದರೂ ತಿಂಗಳುಗಟ್ಟಲೆ ಮುಚ್ಚಿಟ್ಟು ಬರುವವರು ಬಹಳ. ನಾಚಿಕೆಗೆ ಮೆಡಿಕಲ್ ಶಾಪಿನಲ್ಲಿ ಮುಲಾಮು ಕೇಳುತ್ತಾರೆ, ಗೋಡೆಯ ಮೇಲೆ ಬರೆದ "ಗುಪ್ತರೋಗ" ಜಾಹೀರಾತಿನವರ ಹತ್ತಿರ ಹೋಗುತ್ತಾರೆ. ನನಗೆ ಈ ಇಡೀ ವಿಷಯದಲ್ಲಿ ಹೊಟ್ಟೆಯುರಿಯುವ ಸಂಗತಿ ಇದೇ.

ಬೇಗ ಬಂದವರಿಗೆ ಕ್ರೀಮ್, ಲೇಸರ್ ಅಥವಾ ಮೇಲಿನ ಚರ್ಮ ತೆಗೆಯುವ ಸಣ್ಣ ಆಪರೇಷನ್ ಸಾಕಾಗಬಹುದು. ಅಂಗ ಉಳಿಯುತ್ತದೆ. ತಡವಾದರೆ ಸ್ವಲ್ಪ ಭಾಗ ಅಥವಾ ಪೂರ್ತಿ ತೆಗೆಯಬೇಕಾದೀತು. ಜೀವ ಉಳಿಯುವುದನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ತೊಡೆಸಂದಿನ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಅದು ಹರಡಿದೆಯೋ ಇಲ್ಲವೋ ಎಂಬುದು. ಕ್ಯಾನ್ಸರ್ ಮೊದಲು ಹರಡುವ ಗ್ರಂಥಿಯನ್ನೇ ಹುಡುಕಿ ಪರೀಕ್ಷಿಸುವ ಉಪಾಯವನ್ನು 1977ರಲ್ಲಿ ರಾಮೋನ್ ಕಬಾನಾಸ್ ಎಂಬ ಡಾಕ್ಟರು ವಿವರಿಸಿದ್ದು ಶಿಶ್ನದ ಕ್ಯಾನ್ಸರ್ ರೋಗಿಗಳಲ್ಲೇ. ಇವತ್ತು ಸ್ತನ ಕ್ಯಾನ್ಸರ್‌ನಲ್ಲಿ ಎಲ್ಲೆಡೆ ಮಾಡುವ ಅಂಥ ಪರೀಕ್ಷೆಗೆ ಅದು ದಾರಿಯಾಯಿತು.

ಜನನಾಂಗದ ಮೇಲಿನ ಹುಣ್ಣೋ ಕಲೆಯೋ ಮೂರು ನಾಲ್ಕು ವಾರಕ್ಕೂ ಮಾಯದಿದ್ದರೆ ಯೂರಾಲಜಿ ಅಥವಾ ಚರ್ಮದ ಡಾಕ್ಟರಿಗೆ ತೋರಿಸಿ. ತಾಲ್ಲೂಕು ಆಸ್ಪತ್ರೆಯ ಡಾಕ್ಟರಾದರೂ ಸರಿ, ಅವರು ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ. ಅವರು ಬಯಾಪ್ಸಿ ಬೇಕು ಅಂದರೆ ಮುಂದೂಡಬೇಡಿ. ಕ್ಯಾನ್ಸರ್ ಎಂದು ಗೊತ್ತಾದರೆ ಪಿ16 ಪರೀಕ್ಷೆ ಮಾಡಿದ್ದಾರಾ, ತೊಡೆಸಂದಿನ ಗ್ರಂಥಿಗಳನ್ನು ನೋಡಿದ್ದಾರಾ ಎಂದು ಕೇಳಿ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರುಗಳಿಗೆ ಇದು ದಿನದ ಕೆಲಸ. ನಿಮ್ಮ ನಾಚಿಕೆ ಅವರಿಗೆ ಹೊಸದಲ್ಲ, ಅದನ್ನು ಕಟ್ಟಿಕೊಂಡೇ ಹೋದರೂ ಪರವಾಗಿಲ್ಲ, ಹೋಗಿ.